ಮೇಡಂಗೆ ಸಣ್ಣದು ಸಾಕು

“ಮೇಡಂಗೆ ಸಣ್ಣದು ಸಾಕು ಸರ್. ಭಾರದ್ದೆಲ್ಲ ಹಿಡಿಯೋಕೆ ಕಷ್ಟ ಆಗತ್ತೆ.”

ಅಂಗಡಿಯವನು ಈ ಮಾತು ಹೇಳಿದ್ದು ನನಗಲ್ಲ, ನನ್ನ ಜೊತೆ ಬಂದಿದ್ದ ಅಣ್ಣನ ಮಗನಿಗೆ. ಅವನಿಗಾಗ ಹತ್ತೊಂಬತ್ತು ವರ್ಷ. ಈ ವ್ಯಾಪಾರ ಬೇಗ ಮುಗಿದರೆ ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನಬಹುದು ಎಂಬುದಕ್ಕಿಂತ ಹೆಚ್ಚಿನ ಆಸಕ್ತಿ ಅವನಿಗೆ ಇರಲಿಲ್ಲ. ಕ್ಯಾಮೆರಾ ಬೇಕಾಗಿದ್ದದ್ದು ನನಗೆ. ದುಡ್ಡು ನನ್ನದು. ಮೂವತ್ತನಾಲ್ಕು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ 2019ರಲ್ಲಿ ನಿವೃತ್ತಳಾದವಳು ನಾನು. ಪೀನ ಮಸೂರ, ನಿಮ್ನ ಮಸೂರ, ಸಂಗಮ ದೂರ ಎಂದು ಬೋರ್ಡಿನ ಮೇಲೆ ಅದೆಷ್ಟು ಸಲ ಚಿತ್ರ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಆ ದಿನ ಶಿವಮೊಗ್ಗದ ಅಂಗಡಿಯಲ್ಲಿ ನಿಂತು, “ಹೂಂ, ಸಣ್ಣದೇ ಇರಲಿ” ಎಂದು ಗೋಣು ಹಾಕಿದೆ. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ಕ್ಯಾಮೆರಾವೇನೋ ಸಣ್ಣದೇ ಬಂತು. ಬಿಲ್ಲು ಮಾತ್ರ ಸಣ್ಣದಾಗಿರಲಿಲ್ಲ. ಕ್ಯಾಮೆರಾದ ಜೊತೆಗೆ ಎರಡು ಲೆನ್ಸು, ಒಂದು ಬ್ಯಾಗು, ಮೂರು ಕಾಲಿನ ಸ್ಟ್ಯಾಂಡು, ಲೆನ್ಸಿಗೆ ಹಾಕುವ ಗಾಜಿನ ಫಿಲ್ಟರು, ಒಂದು ಮೆಮೊರಿ ಕಾರ್ಡು. ಇದರಲ್ಲಿ ಅರ್ಧ ‘ಫ್ರೀ’ ಎಂದ. ಫ್ರೀ ಎಂದ ಮೇಲೆ ಬೇಡ ಎನ್ನುವ ಹೆಂಗಸು ನಮ್ಮ ಸಾಗರದಲ್ಲಿ ಇನ್ನೂ ಹುಟ್ಟಿಲ್ಲ. ಎಲ್ಲವನ್ನೂ ಹೊತ್ತು ಬಸ್ಸು ಹತ್ತಿದೆ.

ಕ್ಯಾಮೆರಾ ನನಗೆ ಯಾಕೆ ಬೇಕಾಗಿತ್ತು ಎನ್ನುವುದನ್ನು ಮೊದಲು ಹೇಳಬೇಕು.

ನಮ್ಮ ಮನೆಯಲ್ಲಿ ಹಿಂದೆಯೂ ಕ್ಯಾಮೆರಾ ಇತ್ತು. 1984ರಲ್ಲಿ ನಮ್ಮನೆಯವರು ಮದರಾಸಿಗೆ ಹೋದಾಗ ಬರ್ಮಾ ಬಜಾರಿನಿಂದ ತಂದ ಯಾಶಿಕಾ. ಅದರ ಜಾಗ ಗೋದ್ರೆಜ್ ಬೀರುವಿನ ಮೇಲಿನ ಅರೆ, ನನ್ನ ಮದುವೆಯ ಸೀರೆಗಿಂತಲೂ ಮೇಲೆ. ಒಂದು ರೀಲಿಗೆ ಮೂವತ್ತಾರು ಚಿತ್ರ. ಹಬ್ಬಕ್ಕೆ ನಾಲ್ಕು, ಹುಟ್ಟುಹಬ್ಬಕ್ಕೆ ಎರಡು ಎಂದು ಎಣಿಸಿ ತೆಗೆಯುವ ಕಾಲ ಅದು. ನಾನೊಮ್ಮೆ ಕೈಗೆ ತೆಗೆದುಕೊಂಡಾಗ, “ನಿನ್ನ ಕೈ ನಡುಗತ್ತೆ, ರೀಲು ಹಾಳಾಗತ್ತೆ” ಎಂದರು. ಜೋರು ಮಾಡಿ ಹೇಳಿದ್ದಲ್ಲ, ನಗುತ್ತಲೇ ಹೇಳಿದ್ದು. ನಾನೂ ನಗುತ್ತಲೇ ವಾಪಸು ಕೊಟ್ಟೆ. ಆಮೇಲೆ ಇಪ್ಪತ್ತು ವರ್ಷ ಅದನ್ನು ಮುಟ್ಟಲಿಲ್ಲ. ಆ ಯಾಶಿಕಾದ ಗತಿ ಏನಾಯಿತು ಗೊತ್ತೇ? ಭದ್ರವಾಗಿರಲಿ ಎಂದು ಚರ್ಮದ ಚೀಲದಲ್ಲಿ ಮುಚ್ಚಿಟ್ಟಿದ್ದರಲ್ಲ, ಮಲೆನಾಡಿನ ಮಳೆಗಾಲದ ತೇವವನ್ನೆಲ್ಲ ಆ ಚರ್ಮ ಹೀರಿಕೊಂಡು ಲೆನ್ಸಿನ ಒಳಗೆ ಜೇಡರ ಬಲೆಯಂತೆ ಬೂಷ್ಟು ಬೆಳೆಯಿತು. ನಾನು ಮುಟ್ಟದೆಯೂ ಅದು ಹಾಳಾಯಿತು.

1994ರಲ್ಲಿ ನನ್ನ ಅಮ್ಮ ತೀರಿಕೊಂಡಳು. ಹದಿಮೂರನೆಯ ದಿನಕ್ಕೆ ಹಾರ ಹಾಕಲು ಫೋಟೋ ಬೇಕಲ್ಲ, ಮನೆಯೆಲ್ಲ ಹುಡುಕಿದೆವು. ಅಪ್ಪನದು ಸ್ಟುಡಿಯೋದಲ್ಲಿ ಕೋಟು ಹಾಕಿ ಕೂತು ತೆಗೆಸಿದ್ದು ಮೂರಿದ್ದವು. ಅಮ್ಮ ಒಬ್ಬಳೇ ಇರುವ ಫೋಟೋ ಒಂದೂ ಇರಲಿಲ್ಲ. ಕೊನೆಗೆ ಯಾರದೋ ಮದುವೆಯ ಗುಂಪಿನಲ್ಲಿ ಎರಡನೆಯ ಸಾಲಿನಲ್ಲಿ ನಿಂತಿದ್ದ ಅವಳ ಮುಖವನ್ನು ಕತ್ತರಿಸಿ ಸ್ಟುಡಿಯೋದವರು ದೊಡ್ಡದು ಮಾಡಿಕೊಟ್ಟರು. ಇವತ್ತಿಗೂ ನಮ್ಮ ತವರಿನ ಗೋಡೆಯ ಮೇಲೆ ಅದೇ ಇದೆ. ಅಮ್ಮನ ಎಡಗಡೆ ಇನ್ನಾರದೋ ಭುಜ, ಇನ್ನಾರದೋ ಸೀರೆಯ ಅಂಚು. ಆ ಭುಜ ಯಾರದ್ದೆಂದು ಯಾರಿಗೂ ಗೊತ್ತಿಲ್ಲ.

ನಿವೃತ್ತಳಾದ ಮೇಲೆ ನಾನು ಮಾಡಬೇಕೆಂದುಕೊಂಡದ್ದು ಎರಡೇ ಕೆಲಸ. ನಮ್ಮ ಬೀದಿಯ ವಯಸ್ಸಾದ ಹೆಂಗಸರದ್ದು ಒಬ್ಬೊಬ್ಬರದೇ ಒಂದು ಒಳ್ಳೆಯ ಫೋಟೋ ತೆಗೆಯುವುದು. ಮತ್ತೆ, ಚಿಕ್ಕಂದಿನಿಂದ ನಿದ್ದೆಗೆಟ್ಟು ನೋಡಿದ ಯಕ್ಷಗಾನದ ಚಿತ್ರ ತೆಗೆಯುವುದು.

ಯಕ್ಷಗಾನದಿಂದಲೇ ಶುರು ಮಾಡಿದೆ. 2020ರ ಜನವರಿ. ದೂರದಲ್ಲಿ ಕೂತು ದೊಡ್ಡ ಲೆನ್ಸು ಹಾಕಿ ನೂರಾ ಎಂಬತ್ತು ಚಿತ್ರ ತೆಗೆದೆ. ಮನೆಗೆ ಬಂದು ನೋಡಿದರೆ ಒಂದೂ ನೆಟ್ಟಗಿಲ್ಲ. ಕಿರೀಟವೆಲ್ಲ ಕೆಂಪು ಹೊಗೆಯಂತೆ, ಮುಖವೆಲ್ಲ ಕಲಸಿದ ಬಣ್ಣದಂತೆ. ಆಗ ನನಗೆ ಮೊದಲು ಅನ್ನಿಸಿದ್ದೇನು ಗೊತ್ತೇ? ‘ಅವರು ಹೇಳಿದ್ದು ನಿಜ, ನನ್ನ ಕೈ ನಡುಗುತ್ತದೆ.’

ಕ್ಯಾಮೆರಾವನ್ನು ಬ್ಯಾಗಿಗೆ ಹಾಕಿ ಇಟ್ಟುಬಿಟ್ಟೆ. ಕೊರೋನಾ ಬಂತು, ಮಳೆಗಾಲವೂ ಬಂತು. ಆ ಫ್ರೀ ಬ್ಯಾಗಿನ ಒಳಗಿನ ಸ್ಪಂಜು ತೇವ ಕುಡಿದು ದೊಡ್ಡ ಲೆನ್ಸಿಗೂ ಬೂಷ್ಟು ಬಂತು. ಬೀರುವಿನ ಯಾಶಿಕಾದ ಕಥೆಯೇ ಮತ್ತೊಂದು ಸಲ, ಈ ಬಾರಿ ನನ್ನದೇ ದುಡ್ಡಿನಲ್ಲಿ.

ಮನೆಯಲ್ಲಿ ಕೂತು ಕೂತು ಬೇಸರವಾಗಿ ಒಂದು ದಿನ ಕ್ಯಾಮೆರಾದ ಜೊತೆ ಬಂದ ಪುಸ್ತಕವನ್ನು ಪಾಠದ ಟಿಪ್ಪಣಿ ಮಾಡುವವಳಂತೆ ಪೆನ್ಸಿಲು ಹಿಡಿದು ಓದಿದೆ. ಲೆನ್ಸಿನ ಮೇಲೆ 5.6 ಎಂಬ ಅಂಕಿ ಇತ್ತು. ಲೆನ್ಸಿನೊಳಗಿನ ಬೆಳಕಿನ ಕಿಂಡಿ ಎಷ್ಟು ಅಗಲ ತೆರೆಯುತ್ತದೆ ಎಂಬುದರ ಲೆಕ್ಕ ಅದು. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 50 ಮಿಲಿಮೀಟರಿನ ಒಂದು ಪುಟ್ಟ ಲೆನ್ಸಿದೆ, ಅದರ ಅಂಕಿ 1.8. ಇದರೊಳಗೆ ಬರುವ ಬೆಳಕು 5.6ಕ್ಕಿಂತ ಎಷ್ಟು ಹೆಚ್ಚು? 5.6ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ. ಹತ್ತಿರ ಹತ್ತಿರ ಹತ್ತು ಪಟ್ಟು! ರಾತ್ರಿಯ ರಂಗಸ್ಥಳದಲ್ಲಿ ಕುಣಿಯುವ ವೇಷಧಾರಿಯನ್ನು ಹಿಡಿಯಲು ಬೇಕಾದದ್ದು ಬೆಳಕು. ನನಗೆ ಮಾರಿದ ಲೆನ್ಸಿಗೆ ಅಷ್ಟು ಬೆಳಕು ಹಿಡಿಯುವ ಶಕ್ತಿಯೇ ಇರಲಿಲ್ಲ. ಬೆಳಕು ಸಾಲದೆ ಕ್ಯಾಮೆರಾ ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಟ್ಟಿತು, ಅಷ್ಟರಲ್ಲಿ ವೇಷಧಾರಿ ಒಂದು ಸುತ್ತು ತಿರುಗಿದ್ದ. ಇದರಲ್ಲಿ ನನ್ನ ಕೈಯದೇನು ತಪ್ಪು?

ಹತ್ತನೆಯ ತರಗತಿಯ ಲೆಕ್ಕ ಇದು. ಇದನ್ನು ಮಾಡದೆ ನಾನು ಹಲವು ತಿಂಗಳು ನನ್ನ ಕೈಯನ್ನೇ ಬೈದುಕೊಂಡೆ. ನನ್ನ ಸಿಟ್ಟು ಅಂಗಡಿಯವನ ಮೇಲೆ ಎಷ್ಟೋ, ನನ್ನ ಮೇಲೂ ಅಷ್ಟೇ. “ರಾತ್ರಿ ಯಕ್ಷಗಾನ ತೆಗೆಯಬೇಕು, ಯಾವ ಲೆನ್ಸು ಬೇಕು?” ಎಂದು ನಾನು ಕೇಳಿದ್ದರೆ ಅವನು ಉತ್ತರ ಹುಡುಕಬೇಕಾಗುತ್ತಿತ್ತು. ನಾನು ಕೇಳಲಿಲ್ಲ, ಅವನೂ ಕೇಳಲಿಲ್ಲ. ಹೆಂಗಸಿಗೆ ಇಂಥದ್ದೇ ತೆಗೆಯಬೇಕೆಂಬ ಉದ್ದೇಶ ಇರಬಹುದು ಎಂಬುದೇ ಅವನಿಗೆ ಹೊಳೆಯಲಿಲ್ಲ.

ಇದು ನಮ್ಮ ಊರಿನದಷ್ಟೇ ಕಥೆಯಲ್ಲ. 1920ರ ದಶಕದ ಕೊನೆಯಲ್ಲಿ ಅಮೆರಿಕದ ಕೊಡಕ್ ಕಂಪೆನಿ ಹೆಂಗಸರಿಗೆಂದೇ ಬಣ್ಣಬಣ್ಣದ ಪುಟ್ಟ ಕ್ಯಾಮೆರಾಗಳನ್ನು ಮಾರುಕಟ್ಟೆಗೆ ತಂದಿತು. ಅದರಲ್ಲೊಂದರ ಜೊತೆ ಏನೇನಿತ್ತು ಗೊತ್ತೇ? ಲಿಪ್‌ಸ್ಟಿಕ್ಕು, ಪೌಡರಿನ ಡಬ್ಬಿ, ಕನ್ನಡಿ! ಜಗತ್ತನ್ನು ನೋಡಲು ಕ್ಯಾಮೆರಾ ಕೇಳಿದರೆ ಮುಖ ನೋಡಿಕೋ ಎಂದು ಕನ್ನಡಿ ಕೊಟ್ಟ ಹಾಗೆ. ನೂರು ವರ್ಷವಾಗುತ್ತ ಬಂತು. ಕನ್ನಡಿ ಹೋಗಿದೆ, ‘ಮೇಡಂಗೆ ಸಣ್ಣದು ಸಾಕು’ ಉಳಿದಿದೆ.

ಭಾರವಂತೆ! ಸೊಂಟದ ಮೇಲೊಂದು ಕೊಡ, ಕೈಯಲ್ಲೊಂದು ಕೊಡ ನೀರು ಹೊತ್ತು ಬಾವಿಕಟ್ಟೆಯಿಂದ ಬಂದವರು ನಾವು. ಹತ್ತು ಕಿಲೋ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಒಂದೇ ಕೈಯಲ್ಲಿ ದೋಸೆ ಹುಯ್ದವರು. ನಮಗೆ ಏಳುನೂರು ಗ್ರಾಮಿನ ಕ್ಯಾಮೆರಾ ಭಾರವೇ? ಅಲ್ಲದೆ ಸಣ್ಣದೆಂದರೆ ಹಿಡಿಯಲು ಸುಲಭ ಎನ್ನುವುದೂ ಯಾವಾಗಲೂ ನಿಜವಲ್ಲ. ಸಣ್ಣ ಕ್ಯಾಮೆರಾಕ್ಕೆ ದೊಡ್ಡ ಲೆನ್ಸು ಸಿಕ್ಕಿಸಿದರೆ ಮೂತಿ ಕೆಳಗೆ ಬಗ್ಗುತ್ತದೆ, ಕಿರುಬೆರಳಿಗೆ ಹಿಡಿತ ಸಿಗುವುದಿಲ್ಲ, ಮಣಿಕಟ್ಟು ನೋಯುತ್ತದೆ. ಹಿಡಿದು ನೋಡಿಯೇ ಕೊಳ್ಳಬೇಕು, ನಾವೇ ಹಿಡಿದು ನೋಡಬೇಕು.

ನನಗೆ ಆಶ್ಚರ್ಯವಾಗುವುದು ಇಲ್ಲಿಯೇ. ಬೆಂಡೆಕಾಯಿಯ ತುದಿ ಮುರಿಯದೆ ಕಾಲು ಕಿಲೋ ಕೊಳ್ಳದವರು ನಾವು. ಸೀರೆಯ ಅಂಗಡಿಯಲ್ಲಿ ಐವತ್ತು ಸೀರೆ ಬಿಚ್ಚಿಸಿ, ಸೆರಗು ಹೊರಗಿನ ಬೆಳಕಿಗೆ ಹಿಡಿದು, ಬಣ್ಣ ಹೋಗುತ್ತದೆಯೇ ಎಂದು ಮೂರು ಸಲ ಕೇಳಿ, ಕೊನೆಗೆ ಏನೂ ಕೊಳ್ಳದೆ ಎದ್ದು ಬರುವ ಧೈರ್ಯ ನಮಗಿದೆ. ಕ್ಯಾಮೆರಾ ಅಂಗಡಿಯ ಗಾಜಿನ ಬಾಗಿಲು ದಾಟುತ್ತಲೇ ಈ ಬುದ್ಧಿಯೆಲ್ಲ ಎಲ್ಲಿಗೆ ಹೋಗುತ್ತದೆ? ಅದು ಗಂಡಸರ ಸಾಮಾನು, ಅವರಿಗೇ ಗೊತ್ತು ಎಂದು ನಾವೇ ನಂಬಿಕೊಂಡಿದ್ದೇವೆ. ನಿಜ ಹೇಳಬೇಕೆಂದರೆ ಅವರಲ್ಲಿ ಅರ್ಧ ಜನಕ್ಕೂ ಗೊತ್ತಿಲ್ಲ. ಗೊತ್ತಿಲ್ಲವೆಂದು ತೋರಿಸಿಕೊಳ್ಳುವ ಅಭ್ಯಾಸ ಅವರಿಗಿಲ್ಲ, ಅಷ್ಟೇ ವ್ಯತ್ಯಾಸ.

ಆದ್ದರಿಂದ ನಾನು ದುಡ್ಡು ಕಳೆದುಕೊಂಡು ಕಲಿತದ್ದನ್ನು ನಿಮಗೆ ಹೇಳಿಬಿಡುತ್ತೇನೆ.

ಮೊದಲನೆಯದಾಗಿ, ಕ್ಯಾಮೆರಾ ಬೇಕೇ ಬೇಕಾ ಎಂದು ಕೇಳಿಕೊಳ್ಳಿ. ಹಗಲು ಹೊತ್ತು ಮೊಮ್ಮಗುವಿನ ನಗು, ಅಂಗಳದ ದಾಸವಾಳ, ಪ್ರವಾಸದ ನೆನಪು ಇಷ್ಟಕ್ಕೇ ಆದರೆ ಕೈಯಲ್ಲಿರುವ ಫೋನು ಸಾಕು. ಮರದ ತುದಿಯ ಹಕ್ಕಿ, ಮಂದ ಬೆಳಕಿನ ಗರ್ಭಗುಡಿಯ ಹೊರಗಿನ ಕೆತ್ತನೆ, ರಾತ್ರಿಯ ಆಟ, ಗೋಡೆಗೆ ಹಾಕುವಷ್ಟು ದೊಡ್ಡ ಭಾವಚಿತ್ರ, ಇಂಥವು ಬೇಕಾದಾಗ ಕ್ಯಾಮೆರಾದ ಮಾತು. ಯಾವ ಫೋಟೋ ಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಿ.

ಎರಡನೆಯದು, ಮೆಗಾಪಿಕ್ಸೆಲ್ ಎಂಬ ಮಂತ್ರಕ್ಕೆ ಮರುಳಾಗಬೇಡಿ. ಹನ್ನೆರಡು ಇಂಚು ಉದ್ದ, ಎಂಟು ಇಂಚು ಅಗಲದ ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಬೇಕಾಗುವುದು ಸುಮಾರು 86 ಲಕ್ಷ ಚುಕ್ಕಿ. ಇಪ್ಪತ್ತನಾಲ್ಕು ಮೆಗಾಪಿಕ್ಸೆಲ್ ಎಂದರೆ 2 ಕೋಟಿ 40 ಲಕ್ಷ. ಅದಕ್ಕಿಂತ ಹೆಚ್ಚಿನದಕ್ಕೆ ಕೊಡುವ ದುಡ್ಡನ್ನು ಲೆನ್ಸಿಗೆ ಕೊಡಿ. ಕ್ಯಾಮೆರಾ ಐದಾರು ವರ್ಷಕ್ಕೆ ಹಳತಾಗುತ್ತದೆ, ಒಳ್ಳೆಯ ಲೆನ್ಸು ಜೋಪಾನ ಮಾಡಿದರೆ ಇಪ್ಪತ್ತು ವರ್ಷ ಬಾಳುತ್ತದೆ. ಒಂದು ಕಂಪೆನಿಯ ಲೆನ್ಸು ಇನ್ನೊಂದರ ಕ್ಯಾಮೆರಾಕ್ಕೆ ಸುಮ್ಮನೆ ಕೂರುವುದಿಲ್ಲ. ಒಂದೇ ಕಂಪೆನಿಯಲ್ಲೂ ಈ ತೊಂದರೆ ಉಂಟು. 2018ರಲ್ಲಿ ಕ್ಯಾನನ್ನಿನವರೂ ನಿಕಾನಿನವರೂ ಒಳಗೆ ಕನ್ನಡಿಯಿಲ್ಲದ ತಮ್ಮ ಹೊಸ ಕ್ಯಾಮೆರಾಗಳಿಗೆ ಲೆನ್ಸು ಕೂರಿಸುವ ಬಳೆಯನ್ನೇ ಬದಲಾಯಿಸಿದರು. ಹಳೆಯ ಲೆನ್ಸು ಹಾಕಲು ನಡುವೆ ಇನ್ನೊಂದು ಸಾಧನ ಬೇಕು. ಕ್ಯಾಮೆರಾ ಕೊಳ್ಳುವುದೆಂದರೆ ಒಂದು ಮನೆತನಕ್ಕೆ ಹೋದ ಹಾಗೆ. ಆ ಮನೆಯಲ್ಲಿ ಯಾವ ಲೆನ್ಸುಗಳಿವೆ, ಎಷ್ಟು ಬೆಲೆಯವು ಎಂದು ಮೊದಲೇ ವಿಚಾರಿಸಿ.

ಮೂರನೆಯದು, ಫ್ರೀ ಸಾಮಾನು. ಅಗ್ಗದ ಫಿಲ್ಟರು ಹಾಕಿ ದೀಪೋತ್ಸವದ ಚಿತ್ರ ತೆಗೆದರೆ ಒಂದು ದೀಪಕ್ಕೆ ಎರಡು ದೀಪ ಕಾಣುತ್ತದೆ. ಅದಕ್ಕಿಂತ ಲೆನ್ಸಿನ ಮುಂದೆ ಹಾಕುವ ಪ್ಲಾಸ್ಟಿಕ್ಕಿನ ಹುಡ್ಡು ಮೇಲು. ಅಡ್ಡಬೆಳಕನ್ನೂ ತಡೆಯುತ್ತದೆ, ಬಿದ್ದಾಗ ಪೆಟ್ಟನ್ನೂ ತಾನೇ ತಿನ್ನುತ್ತದೆ. ಗಾಳಿಗೆ ಅಲುಗಾಡುವ ಸ್ಟ್ಯಾಂಡು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ದೊಡ್ಡ ಕಾರ್ಡು ಒಂದರ ಬದಲು ಸಾಧಾರಣದ್ದು ಎರಡು ಕೊಳ್ಳಿ, ಒಂದು ಕೆಟ್ಟರೆ ಇನ್ನೊಂದಿರುತ್ತದೆ. ಕ್ಯಾಮೆರಾದ ಜೊತೆ ಬರುವ ಪಟ್ಟಿಯನ್ನು ಕತ್ತಿಗೆ ಹಾಕಿಕೊಂಡರೆ ಮಾಂಗಲ್ಯದ ಸರಕ್ಕೂ ಸೆರಗಿನ ಪಿನ್ನಿಗೂ ಸಿಕ್ಕಿಕೊಳ್ಳುತ್ತದೆ. ಭುಜದಿಂದ ಅಡ್ಡಲಾಗಿ ಹಾಕುವ ಉದ್ದದ ಪಟ್ಟಿ ತೆಗೆದುಕೊಳ್ಳಿ. ಇದನ್ನು ಯಾವ ಅಂಗಡಿಯವನೂ ನನಗೆ ಹೇಳಲಿಲ್ಲ.

ನಾಲ್ಕನೆಯದು, ಬಿಲ್ಲು. “ಬಿಲ್ಲಿಲ್ಲದೆ ಆದ್ರೆ ಕಮ್ಮಿ ಮಾಡಿಕೊಡ್ತೀನಿ” ಎಂದರೆ ನಮಸ್ಕಾರ ಹೇಳಿ ಬನ್ನಿ. ಹೊರದೇಶದಿಂದ ಬಂದ ಪೆಟ್ಟಿಗೆಯ ಮೇಲೆ ಆಮದು ಮಾಡಿಕೊಂಡವರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಇರಲೇಬೇಕೆಂದು ಕಾನೂನಿದೆ. ಅದಿಲ್ಲದಿದ್ದರೆ ಕಳ್ಳದಾರಿಯ ಮಾಲಿರಬಹುದು, ರಿಪೇರಿಗೆ ಒಯ್ದಾಗ ವಾರಂಟಿ ಇಲ್ಲ ಎನ್ನುತ್ತಾರೆ. ಮೋಸವಾದರೆ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಕೊಟ್ಟ ಬೆಲೆ ಐದು ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವೂ ಇಲ್ಲ.

ಕೈ ಬಿಗಿಯಿದ್ದರೆ ಬಳಸಿದ್ದನ್ನು ಕೊಳ್ಳಲು ನಾಚಬೇಕಿಲ್ಲ. ಲೆನ್ಸಿನ ಹಿಂದಿನಿಂದ ಟಾರ್ಚು ಬಿಟ್ಟು ನೋಡಿ, ಬಲೆಯಂಥ ಎಳೆ ಕಂಡರೆ ಬೇಡ. ನಿಮ್ಮದೇ ಕಾರ್ಡು ಹಾಕಿ, ಅಂಕಿಯನ್ನು 16ಕ್ಕೆ ಇಟ್ಟು ಬಿಳಿಗೋಡೆಯ ಚಿತ್ರ ತೆಗೆಯಿರಿ, ಕಪ್ಪು ಚುಕ್ಕಿಗಳಿದ್ದರೆ ಒಳಗೆ ದೂಳಿದೆ ಎಂದರ್ಥ. ನಮ್ಮಂಥ ಮಳೆಯೂರಿನವರು ಕ್ಯಾಮೆರಾವನ್ನು ಚೀಲದಲ್ಲಿಡದೆ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳ ಜೊತೆ ಇಡಬೇಕು. ಹರಳಿನ ಬಣ್ಣ ಬದಲಾದರೆ ತೇವ ಕುಡಿದು ತುಂಬಿದೆ ಎಂದು ತಿಳಿದು ಒಣಗಿಸಬೇಕು. ಅದಕ್ಕೆ ಅಡುಗೆಯ ಪಾತ್ರೆ ಮಾತ್ರ ಬಳಸಬೇಡಿ.

ಇಷ್ಟು ಕಲಿತ ಮೇಲೆ 2021ರಲ್ಲಿ ನಾನು ಕೊಂಡದ್ದು ಒಂದೇ ವಸ್ತು, ಆ 1.8ರ ಪುಟ್ಟ ಲೆನ್ಸು. ಆ ಸಲ ಅಣ್ಣನ ಮಗನನ್ನು ಕರೆದುಕೊಂಡು ಹೋಗಲಿಲ್ಲ.

“ಇದೆಲ್ಲ ಉಪಕರಣದ ಮಾತಾಯಿತು, ಕಲೆ ಕೈಯಲ್ಲಿರಬೇಕು, ಕಣ್ಣಿನಲ್ಲಿರಬೇಕು” ಎನ್ನುವವರಿದ್ದಾರೆ. ನಿಜ. ಆದರೆ ಈ ಮಾತು ಹೇಳುವವರ ಕೊರಳಲ್ಲಿ ಸಾಮಾನ್ಯವಾಗಿ ಒಳ್ಳೆಯ ಕ್ಯಾಮೆರಾವೇ ಇರುತ್ತದೆ. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದ ಹೋಮಾಯಿ ವ್ಯಾರಾವಾಲಾ ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಆಕೆಯ ಮೊದಮೊದಲ ಚಿತ್ರಗಳು ಗಂಡನ ಹೆಸರಿನಲ್ಲಿ ಅಚ್ಚಾದವು. ಆಕೆ ಸೀರೆಯುಟ್ಟೇ ದೆಹಲಿಯಲ್ಲಿ ಸೈಕಲ್ಲಿನ ಮೇಲೆ ಓಡಾಡಿ ಕೆಲಸ ಮಾಡಿದರು, ಕೈಯಲ್ಲಿ ಸ್ಪೀಡ್ ಗ್ರಾಫಿಕ್, ರೋಲಿಫ್ಲೆಕ್ಸ್‌ನಂಥ ಕ್ಯಾಮೆರಾಗಳು. ಸ್ಪೀಡ್ ಗ್ರಾಫಿಕ್ ಎಂದರೆ ಪೆಟ್ಟಿಗೆಯಷ್ಟು ದೊಡ್ಡದು, ಅದರ ಮುಂದೆ ನಮ್ಮ ಇವತ್ತಿನ ಕ್ಯಾಮೆರಾ ಆಟಿಕೆ. ದೇಶದ ಸ್ವಾತಂತ್ರ್ಯದ ಮೊದಲ ದಿನಗಳನ್ನೂ, ಗಾಂಧೀಜಿಯ ಅಂತ್ಯಯಾತ್ರೆಯನ್ನೂ ಹಿಡಿದ ಕಣ್ಣು ಅದು. 2011ರಲ್ಲಿ ಪದ್ಮವಿಭೂಷಣ ಬಂತು, 2012ರಲ್ಲಿ ತೀರಿಕೊಂಡರು. ಆಕೆಗೆ ಯಾರಾದರೂ ‘ಸಣ್ಣದು ಸಾಕು’ ಎಂದಿದ್ದು, ಆಕೆ ಅದನ್ನು ಕೇಳಿದ್ದರೆ ನಷ್ಟ ಯಾರಿಗಾಗುತ್ತಿತ್ತು?

ಕೊನೆಯದಾಗಿ ಪಕ್ಕದ ಮನೆಯ ಹುಡುಗಿಯ ವಿಷಯ. ಅವಳಿಗೆ ಫೋಟೋ ತೆಗೆಯುವುದನ್ನೇ ಉದ್ಯೋಗ ಮಾಡಿಕೊಳ್ಳುವ ಆಸೆ. ಸೀಮಂತ, ನಾಮಕರಣ, ಬಾಣಂತಿ ಮತ್ತು ಮಗುವಿನ ಚಿತ್ರ. ಇಂಥ ಕಡೆ ಹೆಣ್ಣುಮಗಳೇ ಬಂದರೆ ಮನೆಯವರಿಗೂ ಸಮಾಧಾನ. 2023ರಲ್ಲಿ ಅವಳು ಕ್ಯಾಮೆರಾಕ್ಕೆ ದುಡ್ಡು ಕೇಳಿದಾಗ ಅವಳ ಅಪ್ಪ, “ಅಷ್ಟಕ್ಕೆ ಎರಡು ಬಳೆ ಬರುತ್ತೆ. ಚಿನ್ನ ಆದ್ರೆ ಕಷ್ಟಕ್ಕಾಗುತ್ತೆ” ಎಂದರು. ಮಾತಿನಲ್ಲಿ ಸುಳ್ಳಿಲ್ಲ. ಕ್ಯಾಮೆರಾದ ಬೆಲೆ ವರ್ಷ ವರ್ಷ ಇಳಿಯುತ್ತದೆ, ಚಿನ್ನದ್ದು ಹಾಗಲ್ಲ. ನಾನು ಅವರಿಗೆ ಹೇಳಿದ್ದು ಇಷ್ಟೇ: “ಬಳೆ ಕಷ್ಟಕ್ಕೆ ಒಂದು ಸಲ ಆಗುತ್ತೆ, ಅಡವಿಟ್ಟ ದಿನ. ಅವಳು ದುಡಿಯೋಕೆ ಶುರು ಮಾಡಿದರೆ ಅಡವಿಡುವ ದಿನವೇ ಬರಲಿಕ್ಕಿಲ್ಲ. ಮಗ ಲೇತ್ ಮಿಷನ್ನು ಕೇಳಿದಾಗ ಬಳೆಯ ಲೆಕ್ಕ ಹಾಕಿದ್ರಾ?” ಅವರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಆಮೇಲೆ ಅರ್ಧ ದುಡ್ಡು ಕೊಟ್ಟರು. ಉಳಿದರ್ಧಕ್ಕೆ ಅವಳು ಬಳಸಿದ ಕ್ಯಾಮೆರಾವನ್ನೇ ಹುಡುಕಿದಳು. ಟಾರ್ಚು ಹಿಡಿದು ಜೊತೆಗೆ ಹೋದವಳು ನಾನು.

ನನ್ನ ಕೆಲಸವೂ ನಡೆದಿದೆ. ನಮ್ಮ ಬೀದಿಯ ಹನ್ನೊಂದು ಜನ ಹಿರಿಯ ಹೆಂಗಸರ ಫೋಟೋ ತೆಗೆದಿದ್ದೇನೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಜಗಲಿಯ ಕಿಟಕಿಯ ಬೆಳಕು ಅದಕ್ಕೆ ಸಾಕು. ಸ್ಟ್ಯಾಂಡು ಹೊತ್ತು ಬರುವ ಕೆಲಸ ನಮ್ಮನೆಯವರದ್ದು. ಎದುರುಮನೆಯ ಎಂಬತ್ತಮೂರು ವರ್ಷದ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿದಾಗ ಆಕೆ ಹಿಂದೆ ಮುಂದೆ ನೋಡಿದರು. ಮಗನನ್ನೋ ಮೊಮ್ಮಕ್ಕಳನ್ನೋ ಹುಡುಕುವಂತೆ. “ನಾನೊಬ್ಬಳೇನಾ?” ಎಂದರು.

“ಹೌದಮ್ಮ, ನೀವೊಬ್ಬರೇ” ಎಂದೆ.

ಆಕೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಆ ಚಿತ್ರ ಒಂದಿಷ್ಟೂ ಅಲುಗಿಲ್ಲ.

ಕ್ಯಾಮೆರಾ ಅಂಗಡಿಗೆ ಹೋಗುವಾಗ ಜೊತೆಗೆ ಯಾರಾದರೂ ಇರಲಿ ಅನ್ನಿಸಿದರೆ ಕರೆದುಕೊಂಡು ಹೋಗಿ, ತಪ್ಪಿಲ್ಲ. ಆದರೆ ಇನ್ನೊಬ್ಬ ಹೆಂಗಸನ್ನು ಕರೆದುಕೊಂಡು ಹೋಗಿ. ಆಗ ಅಂಗಡಿಯವನು ನಿಮ್ಮಿಬ್ಬರಲ್ಲಿ ಯಾರನ್ನು ನೋಡಿ ಮಾತಾಡಿದರೂ ಹೆಂಗಸಿನ ಜೊತೆಯೇ ಮಾತಾಡಬೇಕಾಗುತ್ತದೆ.